ಹೆಂಗಸರ ಸೆಟ್ಟು, ಗಂಡಸರ ಸೆಟ್ಟು

ನನಗೆ ಗಾಲ್ಫ್ ಆಡುವ ಆಸೆ ಇತ್ತು ಅಂತ ಯಾರಾದರೂ ತಿಳಿದುಕೊಂಡಿದ್ದರೆ ಆ ಪುಣ್ಯಾತ್ಮರಿಗೆ ಒಂದು ದೊಡ್ಡ ನಮಸ್ಕಾರ. ಐವತ್ತರ ಹತ್ತಿರ ಬಂದ ಹೆಂಗಸು ನಾನು. ಬಲಭುಜ ಹಿಡಿದುಕೊಂಡು ವರ್ಷದ ಮೇಲಾಗಿತ್ತು. ಬೆಳಿಗ್ಗೆ ಕಾಫಿ ಕುಡಿದ ಲೋಟ ತೊಳೆಯುವುದಕ್ಕೂ ಪುರುಸೊತ್ತಿಲ್ಲದೆ ಕಂಪನಿ ಬಸ್ಸಿಗೆ ಓಡುತ್ತಿದ್ದೆ. ಪರವಾಡದ ಔಷಧಿ ಕಾರ್ಖಾನೆಯಿಂದ ವಿಶಾಖಪಟ್ಟಣದ ಮನೆಗೆ ವಾಪಸ್ ಬರುವಷ್ಟರಲ್ಲಿ ಬೀದಿ ದೀಪ ಹತ್ತಿರುತ್ತಿತ್ತು. ಬಸ್ಸಿನಲ್ಲಿ ಪಕ್ಕದಲ್ಲಿ ಯಾರಿದ್ದಾರೆ ಅಂತಲೂ ನೋಡದೆ ಬಾಯಿ ತೆರೆದುಕೊಂಡು ನಿದ್ದೆ ಹೊಡೆಯುತ್ತಿದ್ದೆ. ಇಂಥವಳಿಗೆ ಭಾನುವಾರ ಅಂದರೆ ಹಾಸಿಗೆ, ಅಷ್ಟೇ. ಸೂರ್ಯ ಹುಟ್ಟುವ ಮೊದಲೇ ಎದ್ದು ಹುಲ್ಲಿನ ಮೇಲೆ ಚೆಂಡು ಹೊಡೆಯಲು ಹೋಗುವುದಕ್ಕೆ ನನಗೇನು ಹುಚ್ಚುನಾಯಿ ಕಚ್ಚಿತ್ತಾ?

ಕಚ್ಚಿದ್ದು ಸೋಮವಾರದ ಮೀಟಿಂಗು.

ನಾನು ಆ ಕಾರ್ಖಾನೆಯ ಕ್ವಾಲಿಟಿ ವಿಭಾಗದ ಮುಖ್ಯಸ್ಥೆ. ತಯಾರಾದ ಮಾತ್ರೆ ಗೇಟು ದಾಟಬೇಕೋ ಬೇಡವೋ ಅಂತ ನೋಡಿ ಸಹಿ ಹಾಕುವ ಕೆಲಸ. ಹುಟ್ಟಿದ್ದು ದಾವಣಗೆರೆ, ಸೊಸೆಯಾಗಿ ಹೋದದ್ದು ವಿಜಯವಾಡಕ್ಕೆ, ಗಂಡನ ಬಂದರಿನ ಕೆಲಸ ಮತ್ತು ನನ್ನ ಮಾತ್ರೆಯ ಕೆಲಸ ಎರಡೂ ಸೇರಿ ತಂದು ನಿಲ್ಲಿಸಿದ್ದು ವಿಶಾಖಪಟ್ಟಣದಲ್ಲಿ. ಆಗ ನಮ್ಮ ಸೈಟ್ ಹೆಡ್, ಅಂದರೆ ಇಡೀ ಕಾರ್ಖಾನೆಗೆ ಯಜಮಾನರಂಥವರು, ನಿವೃತ್ತಿಗೆ ಬಂದಿದ್ದರು. ಸಕ್ಕರೆ ಕಾಯಿಲೆ ಬೇರೆ. ಅವರ ಅರ್ಧ ಕೆಲಸ ನನ್ನ ಮೇಜಿನ ಮೇಲೇ ಬಂದು ಬೀಳುತ್ತಿತ್ತು. ಹೊರದೇಶದವರು ಆಡಿಟ್‌ಗೆ ಬಂದರೆ ಅವರ ಎದುರು ಕೂತು ಬೆವರುವವಳು ನಾನು. ಬಾಯ್ಲರ್ ಕೆಟ್ಟರೂ ನನಗೇ ಫೋನು, ಕ್ಯಾಂಟೀನಿನ ಸಾಂಬಾರಿನಲ್ಲಿ ಹುಳ ಬಿದ್ದರೂ ನನಗೇ ಫೋನು. "ನೆಕ್ಸ್ಟ್ ಸೈಟ್ ಹೆಡ್ ನೀವೇ ಮೇಡಂ" ಅಂತ ಸೆಕ್ಯೂರಿಟಿಯವರು ಕೂಡ ಹೇಳುತ್ತಿದ್ದರು. ನನಗೂ ಬೇಕಿತ್ತು. ಬೇಡ ಅಂತ ನಾಟಕ ಯಾಕೆ ಆಡಲಿ, ಬಹಳ ಬೇಕಿತ್ತು. ಮಾಡುತ್ತಿದ್ದ ಕೆಲಸವನ್ನೇ ಹೆಸರಿಟ್ಟುಕೊಂಡು ಮಾಡಬೇಕು ಅನ್ನುವ ಆಸೆ.

ಆದರೆ ಪ್ರತಿ ಸೋಮವಾರ ಮೀಟಿಂಗಿಗೆ ಹೋಗಿ ಕೂತರೆ ಎಲ್ಲವೂ ಆಗಲೇ ತೀರ್ಮಾನವಾಗಿರುತ್ತಿತ್ತು. ನಾನು ಫೈಲು ಬಿಡಿಸುವ ಮುಂಚೆಯೇ ನಮ್ಮ ಎಂಡಿ ನಗುನಗುತ್ತಾ, "ಅದು ನಿನ್ನೆ ಮಾತಾಡಿಬಿಟ್ವಿ ಮೇಡಂ" ಅನ್ನುತ್ತಿದ್ದರು. ಒಳ್ಳೆಯ ಮನುಷ್ಯ. ಎಂದೂ ದನಿ ಎತ್ತಿದವರಲ್ಲ. ನಿನ್ನೆ ಅಂದರೆ ಭಾನುವಾರ. ಭಾನುವಾರ ಬೆಳಿಗ್ಗೆ ಎಂಡಿ, ಸೈಟ್ ಹೆಡ್ ಮತ್ತು ಹಣಕಾಸಿನವರು ಮೂವರೂ ಗಾಲ್ಫ್ ಆಡುತ್ತಿದ್ದರು. ಅಲ್ಲಿ ಹುಲ್ಲಿನ ಮೇಲೆ ಓಡಾಡಿಕೊಂಡು ಯಾವ ಯಂತ್ರ ತರಬೇಕು, ಯಾರನ್ನು ಎಲ್ಲಿಗೆ ಹಾಕಬೇಕು ಎಲ್ಲ ಮಾತಾಡಿ, ಸೋಮವಾರ ನಮಗೆ ಓದಿ ಹೇಳುತ್ತಿದ್ದರು. ಹೊಟ್ಟೆ ಉರಿಯುತ್ತಿತ್ತು. ಮುಂದಿನ ಸೈಟ್ ಹೆಡ್ ಯಾರು ಅನ್ನುವುದನ್ನೂ ಇವರು ಅಲ್ಲೇ ತೀರ್ಮಾನ ಮಾಡುತ್ತಾರೆ ಅಂತ ನನಗೆ ಖಾತ್ರಿಯಾಯಿತು. ದಸರಾ ಕಳೆದ ಮೇಲೆ ಹೆಸರು ಹೇಳುತ್ತೇವೆ ಅಂದಿದ್ದರು. ಸರಿ, ನಾನೂ ಅಲ್ಲಿರುತ್ತೇನೆ ಅಂದುಕೊಂಡೆ.

ಇದನ್ನು ನಾನು ಮೊದಲು ಹೇಳಿದ್ದು ಪ್ರೊಡಕ್ಷನ್ ವಿಭಾಗ ನೋಡಿಕೊಳ್ಳುತ್ತಿದ್ದ ಹುಬ್ಬಳ್ಳಿ ಹುಡುಗನಿಗೆ. ಹುಡುಗ ಅನ್ನುವುದು ನನ್ನ ಬಾಯಿಯ ರೂಢಿ. ಅವನಿಗೂ ಮದುವೆಯಾಗಿ ಒಂದು ಮಗು ಇತ್ತು. ಕಾರ್ಖಾನೆಯಲ್ಲಿ ನನ್ನ ಜೊತೆ ಕನ್ನಡ ಮಾತಾಡುತ್ತಿದ್ದವನು ಅವನೊಬ್ಬನೇ. ಬಂದ ಹೊಸತರಲ್ಲಿ ಆಡಿಟ್ ಅಂದರೆ ಹೆದರುತ್ತಿದ್ದ, ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದೆ. ಯುಗಾದಿಗೆ ನಮ್ಮ ಮನೆಯಲ್ಲೇ ಊಟ. "ಐತ್ವಾರ ಮಲಗೂದು ಬಿಟ್ಟು ಕೋಲು ಹಿಡಕೊಂಡು ಯಾಕ್ ತಿರಗತೀರಿ ಮೇಡಂ? ಕೆಲಸ ನಿಮಗ ಬರೂದ ಐತಿ, ಯಾರು ತಪ್ಪಸ್ತಾರ?" ಅಂತ ನಕ್ಕ. ಆ ಮಾತು ಕೇಳಿ ನನಗೂ ಹಾಯೆನಿಸಿತು, ಆದರೂ ಮನಸ್ಸು ತಡೆಯಲಿಲ್ಲ.

ಗಾಲ್ಫ್ ಮೈದಾನದಲ್ಲಿ ಭಾನುವಾರ ಸಂಜೆ ಹೊಸಬರಿಗೆ ಕಲಿಸುವ ಮಾಸ್ತರರೊಬ್ಬರಿದ್ದರು. ಕೆಲವು ತಿಂಗಳು ಅವರದೇ ಹಳೇ ಕೋಲು ಕೊಟ್ಟು ಒಂದೇ ಹೊಡೆತ ಹೊಡೆಸಿದರು. ಮೊದಮೊದಲು ಚೆಂಡು ಇದ್ದಲ್ಲೇ ಇರುತ್ತಿತ್ತು, ಮಣ್ಣು ಮಾತ್ರ ಹಾರುತ್ತಿತ್ತು. ಆಮೇಲಾಮೇಲೆ ಚೆಂಡೂ ಹಾರತೊಡಗಿತು. ಮನೆಗೆ ಬಂದರೆ ಭುಜಕ್ಕೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂರಬೇಕಾಗಿತ್ತು. ಗಂಡ ನೋಡಿ, "ಯಾಕೆ ಬೇಕಿತ್ತು ಈ ಕರ್ಮ?" ಅನ್ನುತ್ತಿದ್ದರು. ನನಗೂ ಅದೇ ಪ್ರಶ್ನೆ. ಆದರೂ ಮುಂದಿನ ವಾರ ಮತ್ತೆ ಹೋಗುತ್ತಿದ್ದೆ. ಒಂದು ದಿನ ಮಾಸ್ತರರು, "ಇನ್ನು ನಿಮ್ಮದೇ ಸೆಟ್ ತಗೊಳ್ಳಿ ಮೇಡಂ, ಪೂರ್ತಿ ಸೆಟ್ ಬೇಡ, ಅರ್ಧ ಸಾಕು" ಅಂದರು. ಸೆಟ್ ಅಂದರೆ ದೂರ ಹೊಡೆಯುವುದಕ್ಕೆ ದಪ್ಪ ತಲೆಯ ಕೋಲೊಂದು, ಬೇರೆ ಬೇರೆ ಓರೆಯ ಕಬ್ಬಿಣದ ತಲೆಯವು ನಾಲ್ಕೈದು, ಕೊನೆಗೆ ಚೆಂಡನ್ನು ಕುಳಿಗೆ ಮೆತ್ತಗೆ ತಳ್ಳುವುದಕ್ಕೆ ಒಂದು. ಹೊಸಬರಿಗೆ ಇಷ್ಟು ಧಾರಾಳವಾಗಿ ಸಾಕು.

ಇಷ್ಟೇ ಆಗಿದ್ದರೆ ಒಂದು ಗಂಟೆಯ ಕೆಲಸ. ಆಗಲಿಲ್ಲ. ವಿಶಾಖಪಟ್ಟಣದ ಆಟದ ಸಾಮಾನಿನ ಅಂಗಡಿಗೆ ಹೋಗಿ ಬಾಗಿಲು ದಾಟುವಷ್ಟರಲ್ಲಿ ಅಲ್ಲಿದ್ದವನು ಗುಲಾಬಿ ಬಣ್ಣದ ಚೀಲ ತಂದು ಮುಂದಿಟ್ಟ. ನಾನಿನ್ನೂ ಬಾಯಿ ಬಿಟ್ಟಿರಲಿಲ್ಲ. "ಲೇಡೀಸ್ ಸೆಟ್ ಮೇಡಂ, ತುಂಬಾ ಲೈಟು." ಅಲ್ಲಪ್ಪಾ, ನನ್ನ ಎತ್ತರವನ್ನಾದರೂ ಒಂದು ಸಲ ನೋಡಬಾರದಾ? ನಮ್ಮ ವಂಶವೇ ಎತ್ತರ. ಶಾಲೆಯಲ್ಲಿ ನನ್ನನ್ನು ತೆಂಗಿನಮರ ಅಂತ ಕರೆಯುತ್ತಿದ್ದರು, ಮದುವೆ ಫೋಟೋದಲ್ಲಿ ಗಂಡನ ಕಾಲಡಿ ಮಣೆ ಹಾಕಿದ್ದರು. ಹೆಂಗಸರ ಸೆಟ್ಟಿನ ಕೋಲು ಗಿಡ್ಡ, ಗ್ರಾಫೈಟಿನದು, ಹಗುರ, ಸ್ವಲ್ಪ ಬಳುಕುತ್ತದೆ. ಗಂಡಸರದು ಉದ್ದ, ಸ್ಟೀಲಿನದು, ಭಾರ, ಗಟ್ಟಿ. ಮಾಸ್ತರರು ಟೇಪು ಹಿಡಿದು ನನ್ನ ಮಣಿಕಟ್ಟಿನಿಂದ ನೆಲದವರೆಗೆ ಅಳೆದಿದ್ದರು. ಅಳತೆ ನೇರವಾಗಿ ಗಂಡಸರ ಸೆಟ್ಟಿಗೇ ಬಂದಿತ್ತು. ಆದರೂ ಕೊನೆಗೆ ಟೇಪು ಸುತ್ತಿಟ್ಟು, "ಉದ್ದ ಇದು ಹೇಳುತ್ತೆ, ಆದರೆ ಭುಜ ನೋವು ಅಂತೀರಲ್ಲ, ಲೇಡೀಸೇ ತಗೊಳ್ಳಿ" ಅಂದಿದ್ದರು. ಅದೂ ಸುಳ್ಳಲ್ಲ. ಹೀಗೆ ಎತ್ತರ ಒಂದು ಕಡೆ ಎಳೆದರೆ ಭುಜ ಇನ್ನೊಂದು ಕಡೆ ಎಳೆಯುತ್ತಿತ್ತು. ಏನೂ ತಗೊಳ್ಳದೆ ವಾಪಸ್ ಬಂದೆ.

ನಮ್ಮ ಮೈದುನನಿಗೆ ವಿಜಯವಾಡದ ಆಟೋನಗರ್‌ನಲ್ಲಿ ಲಾರಿ ರಿಪೇರಿಯ ವರ್ಕ್‌ಶಾಪು. ಅವನಿಗೆ ಹೇಗೋ ಸುದ್ದಿ ಮುಟ್ಟಿತು. ಫೋನ್ ಮಾಡಿ, "ವದಿನಾ, ಒನ್ ಟೌನ್ ಪೇಟೇಲಿ ನನ್ನ ಗೆಳೆಯರೊಬ್ಬರು ಆಟದ ಸಾಮಾನಿನ ಸಗಟು ವ್ಯಾಪಾರ ಮಾಡ್ತಾರೆ. ಒಳ್ಳೇ ಕಂಪನಿಯ ಹಳೇ ಸೆಟ್ಟುಗಳು ಬಂದಿವೆಯಂತೆ, ಎರಡೂ ಥರದ್ದು. ಬನ್ನಿ, ಕೈಯಲ್ಲಿ ಹಿಡಿದು ನೋಡಿ" ಅಂದ. ಅವನು ಹೇಳಿದ್ದು ತೆಲುಗಿನಲ್ಲಿ, ವದಿನಾ ಅಂದರೆ ಅತ್ತಿಗೆ. ನಮ್ಮ ಮನೆಯಲ್ಲಿ ಗಂಡುಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ತೆಲುಗೇ. ಶನಿವಾರ ರಜ ಹಾಕಿ ಶುಕ್ರವಾರ ಸಂಜೆ ರೈಲು ಹತ್ತಿದೆ. ಸೀಟು ಸಿಕ್ಕಿದ್ದು ಶೌಚಾಲಯದ ಪಕ್ಕ. ಮೂಗು ಮುಚ್ಚಿಕೊಂಡೇ ನಿದ್ದೆ ಮಾಡಿದೆ.

ವಿಜಯವಾಡದ ಮನೆಯಲ್ಲಿ ನಮ್ಮ ಅತ್ತೆ. ಬಳ್ಳಾರಿಯಿಂದ ಹುಡುಗಿಯಾಗಿದ್ದಾಗಲೇ ಸೊಸೆಯಾಗಿ ಬಂದವರು, ಈಗ ಎಂಬತ್ತರ ಮುದುಕಿ. ಕನ್ನಡ ಮಾತಾಡಲು ಅವರಿಗೆ ಉಳಿದಿರುವವಳು ನಾನೊಬ್ಬಳೇ, ಹಾಗಾಗಿ ಹೋದಾಗಲೆಲ್ಲ ಬಿಡುವುದಿಲ್ಲ. ಶನಿವಾರ ಬೆಳಿಗ್ಗೆ ಹೆಸರುಕಾಳಿನ ಪೆಸರಟ್ಟು ಹಾಕಿ ಕೊಟ್ಟು ಎದುರಿಗೇ ಕೂತರು.

"ಆ ಕೋಲು ಯಾತರದ್ದಮ್ಮಾ?" ಅಂದರು.

"ಸ್ಟೀಲಿನದು ಅತ್ತೆ."

"ಸ್ಟೀಲು ಅಂದ್ರೆ ಕಬ್ಬಿಣನೇ ಅಲ್ಲೇನು? ಇವತ್ತು ಯಾವ ವಾರ?"

ಶನಿವಾರ ಕಬ್ಬಿಣ ಮನೆಗೆ ತರಬಾರದು. ಇದು ನನಗೂ ಗೊತ್ತಿತ್ತು. ದಾವಣಗೆರೆಯಲ್ಲಿ ನಮ್ಮಮ್ಮ ಶನಿವಾರ ಒಂದು ಮೊಳೆ ಕೂಡ ತರಿಸುತ್ತಿರಲಿಲ್ಲ. ಆದರೆ ಗಾಲ್ಫಿಗೂ ಶನಿದೇವರಿಗೂ ಸಂಬಂಧ ಬರುತ್ತದೆ ಅಂತ ಯಾರು ಕಂಡಿದ್ದರು?

"ಅತ್ತೆ, ಭಾನುವಾರ ಒನ್ ಟೌನ್ ಅಂಗಡಿ ಬಾಗಿಲು ಹಾಕಿರುತ್ತೆ. ಸೋಮವಾರ ನಾನು ಕೆಲಸದಲ್ಲಿರಬೇಕು."

"ನಿನ್ನೆ ಬಂದು ತಗೋಬೇಕಿತ್ತು."

"ನಿನ್ನೆ ಶುಕ್ರವಾರ. ಶುಕ್ರವಾರ ಮನೆಯಿಂದ ಲಕ್ಷ್ಮೀನ ಹೊರಗೆ ಕಳಿಸಬಾರದು ಅಂತ ನೀವೇ ಹೇಳಲ್ವಾ?"

"ಅದೂ ಹೌದು ನೋಡು" ಅಂತ ಅತ್ತೆ ಗಲ್ಲಕ್ಕೆ ಕೈಯಿಟ್ಟು ಕೂತರು.

ನನಗೆ ತಲೆ ಕೆಟ್ಟು ಹೋಯಿತು. ಇಷ್ಟು ದೂರ ಶೌಚಾಲಯದ ಪಕ್ಕ ಕೂತು ಬಂದಿದ್ದೀನಿ. ಮೈದುನ ಒಳಗೆ ಬಂದವನು ನಮ್ಮಿಬ್ಬರ ಮುಖ ನೋಡಿ, ಎಲ್ಲ ಕೇಳಿ, "ಅಮ್ಮಾ, ಹೆಂಗಸರ ಸೆಟ್ಟಿನ ಕೋಲು ಕಬ್ಬಿಣ ಅಲ್ಲ, ಗ್ರಾಫೈಟು" ಅಂದ. ಪೆನ್ಸಿಲ್ಲಿನೊಳಗೆ ಇರುತ್ತಲ್ಲ, ಅದು ಅಂತ ಬಿಡಿಸಿ ಹೇಳಿದ. ಅತ್ತೆಯ ಮುಖ ಅರಳಿತು. "ಮತ್ತೆ ಅದನ್ನೇ ತಗೋ ಅಮ್ಮಾ! ಪೆನ್ಸಿಲಿಗೆ ಯಾವ ದೋಷ?" ಅಯ್ಯೋ ದೇವರೇ! ಅಂಗಡಿಯವನು, ಮಾಸ್ತರರು, ನನ್ನ ಭುಜ, ಈಗ ಶನಿದೇವರು, ಎಲ್ಲರೂ ಸೇರಿ ನನ್ನ ಕೈಗೆ ಆ ಗುಲಾಬಿ ಚೀಲವನ್ನೇ ಕೊಡಬೇಕು ಅಂತ ಹಟ ಹಿಡಿದ ಹಾಗಿತ್ತು.

"ತುದೀಲಿ ಕಬ್ಬಿಣವೇ ಅತ್ತೆ, ಎರಡರಲ್ಲೂ" ಅಂದೆ. ದನಿ ಸ್ವಲ್ಪ ಜೋರಾಗಿಯೇ ಬಂತು.

ಅತ್ತೆ ಬೇಜಾರು ಮಾಡಿಕೊಳ್ಳಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡು, "ನಾನು ಸುಮ್ಮನೆ ಅಡ್ಡ ಬರ್ತಿಲ್ಲ. ನಿನ್ ಕೆಲಸಕ್ಕೆ ಅಂತ ಪ್ರತಿ ಶುಕ್ರವಾರ ಅಮ್ಮನವರಿಗೆ ನಿಂಬೆಹಣ್ಣಿನ ದೀಪ ಹಚ್ತಿದ್ದೀನಿ. ನಮ್ಮ ವಂಶದಾಗೆ ಹೆಣ್ಮಗಳೊಬ್ಬಳು ಫ್ಯಾಕ್ಟರಿ ಯಜಮಾನ್ಕಿ ಆಗೋದು ನಾನು ಕಣ್ತುಂಬ ನೋಡ್ಬೇಕು. ಈ ಒಂದು ಕೋಲಿನಿಂದ ಅದು ಕೆಡಬಾರದು, ಅಷ್ಟೇ" ಅಂದರು. ಈ ಮುದುಕಿಗೆ ಆ ಕುರ್ಚಿ ನನಗಿಂತ ಹೆಚ್ಚು ಬೇಕಾಗಿತ್ತು, ಅದು ಅವತ್ತು ಗೊತ್ತಾಯಿತು.

ಕೊನೆಗೆ ದಾರಿ ಅವರೇ ಹುಡುಕಿದರು. ಶನಿವಾರ ಕೊಂಡರೂ ಮನೆಗೆ ತರಬಾರದು. ಮೈದುನನ ವರ್ಕ್‌ಶಾಪಿಗೆ ದಿನಾ ಕಬ್ಬಿಣ ಬರುತ್ತದೆ, ಅದು ಮನೆಯಲ್ಲ. ಅಲ್ಲಿ ಒಂದು ರಾತ್ರಿ ಇರಲಿ, ಭಾನುವಾರ ಅವರೇ ಬಂದು ಪೂಜೆ ಮಾಡಿ ಕೊಡುತ್ತಾರೆ, ನಾನು ಅಲ್ಲಿಂದ ನೇರ ಸ್ಟೇಷನ್ನಿಗೆ. ವಿಷಯ ಇತ್ಯರ್ಥವಾಯಿತು.

ಒನ್ ಟೌನ್‌ನ ಆ ಅಂಗಡಿ ಒಂದು ಗಲ್ಲಿಯ ಒಳಗಿನ ಗಲ್ಲಿಯಲ್ಲಿತ್ತು. ಕ್ರಿಕೆಟ್ ಬ್ಯಾಟು, ಕೇರಂ ಬೋರ್ಡು, ಶಾಲೆಗಳಿಗೆ ಹೋಗುವ ಬಣ್ಣಬಣ್ಣದ ಬಹುಮಾನದ ಕಪ್ಪುಗಳು, ಎಲ್ಲದರ ಮೇಲೆ ಧೂಳು. ಅಂಗಡಿಯ ಸೇಠ್ ಎರಡು ಸೆಟ್ಟು ಇಳಿಸಿದರು. ಒಂದು ಹೆಂಗಸರದು, ಪುಣ್ಯಕ್ಕೆ ಗುಲಾಬಿಯಲ್ಲ, ತಿಳಿನೀಲಿ. ಇನ್ನೊಂದು ಗಂಡಸರದು, ಕಪ್ಪು ಚೀಲ, ತಲೆಗಳ ಮೇಲೆ ಯಾರೋ ಹೊಡೆದು ಹೊಡೆದು ಬಿದ್ದ ಗೀರು. ಒಳಗೆ ಬೀಸಲು ಜಾಗವಿಲ್ಲ, ಗಲ್ಲಿಗೆ ಬಂದೆ. ಮೂಟೆ ಹೊತ್ತವರು, ತಳ್ಳುಗಾಡಿಯವರು ಎಲ್ಲ ನಿಂತು ನೋಡತೊಡಗಿದರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೊದಲು ನೀಲಿ ಚೀಲದ್ದು ಬೀಸಿದೆ. ಪೊರಕೆಯಷ್ಟು ಹಗುರ. ಭುಜ ಕುಂಯ್ ಅನ್ನಲಿಲ್ಲ. ಆದರೆ ಕೋಲು ಗಿಡ್ಡವಾಗಿ ನಾನು ಸೊಂಟ ಬಗ್ಗಿಸಿ ನಿಲ್ಲಬೇಕಾಗಿತ್ತು, ನೆಲ ಒರೆಸುವವಳ ಹಾಗೆ. ಆಮೇಲೆ ಕಪ್ಪು ಚೀಲದ್ದು. ನೆಟ್ಟಗೆ ನಿಂತು ಹಿಡಿದೆ, ಬೀಸಿದೆ. ತಲೆಯ ಭಾರ ತಾನಾಗಿಯೇ ಎಳೆದುಕೊಂಡು ಹೋಯಿತು, ಸುಂಯ್ ಅಂತ ಸದ್ದು ಬಂತು. ಭುಜದಲ್ಲಿ ಛಳಕ್ ಅಂತ ಒಂದು ನೋವು ಹೊಡೆದು ಕಣ್ಣಲ್ಲಿ ನೀರು ಬಂತು.

"ಏಯ್ ಅಮ್ಮಾ, ತಲೆ ಒಡೀತೀರಾ?" ಅಂತ ತಳ್ಳುಗಾಡಿಯವನು ಕೂಗಿದ.

ಮೈದುನ ನನ್ನ ಮುಖ ನೋಡಿ, "ನೋವಾಯ್ತಲ್ಲ ವದಿನಾ, ನೀಲಿದೇ ತಗೊಳ್ಳಿ" ಅಂದ. ನಾನು ಎರಡನ್ನೂ ಮತ್ತೆ ಹಿಡಿದು ನೋಡಿದೆ, ಮತ್ತೆ ನೋಡಿದೆ. ನಿಜ ಹೇಳಬೇಕೆಂದರೆ ನಾನು ಆಗ ಕೋಲನ್ನು ನೋಡುತ್ತಿರಲಿಲ್ಲ. ಆ ಮೂವರು ಗಂಡಸರ ಪಕ್ಕ ನನ್ನ ಚೀಲ ನಿಂತಾಗ ಹೇಗೆ ಕಾಣುತ್ತದೆ ಅಂತ ನೋಡುತ್ತಿದ್ದೆ. ಹೆಂಗಸರ ಸೆಟ್ಟು ಹೊತ್ತು ಹೋದರೆ, ಪಾಪ, ಹೊತ್ತು ಕಳೆಯಲು ಬಂದಿದ್ದಾರೆ ಅಂದುಕೊಳ್ಳುತ್ತಾರೆ. ಕಾರ್ಖಾನೆಯಲ್ಲಿ ನನಗೆ ಯಾರೂ ಹೆಂಗಸರ ಆಡಿಟ್ ಬೇರೆ, ಹೆಂಗಸರ ಬಾಯ್ಲರ್ ಬೇರೆ ಅಂತ ಕೊಟ್ಟಿರಲಿಲ್ಲ. ಕಪ್ಪು ಚೀಲ ಕಟ್ಟಿ ಅಂದೆ.

ಭಾನುವಾರ ಅತ್ತೆ ಆಟೋದಲ್ಲಿ ಬಂದಿಳಿದರು, ಕೈಯಲ್ಲಿ ಅರಿಶಿನ ಕುಂಕುಮದ ಬಟ್ಟಲು, ಹೂವು, ತೆಂಗಿನಕಾಯಿ. ಇಂಜಿನ್ ಬಿಚ್ಚಿಟ್ಟ ಲಾರಿಯ ಪಕ್ಕ, ಗ್ರೀಸು ಮೆತ್ತಿದ ಮೇಜಿನ ಮೇಲೆ ಕೋಲುಗಳನ್ನು ಸಾಲಾಗಿ ಮಲಗಿಸಿ, ಒಂದೊಂದರ ತಲೆಗೂ ಕುಂಕುಮ ಇಟ್ಟರು. ಗಾಲ್ಫ್ ಕೋಲಿಗೆ ಆಯುಧಪೂಜೆ ಮಾಡಿದ ಮನೆ ಇಡೀ ಆಂಧ್ರದಲ್ಲಿ ನಮ್ಮದೊಂದೇ ಇರಬೇಕು. ಕಾಯಿ ಒಡೆದ ಮೇಲೆ ಚೀಲದ ಪಟ್ಟಿ ಹಿಡಿದು ಎತ್ತಲು ನೋಡಿದರು, ಆಗಲಿಲ್ಲ.

"ಇಷ್ಟು ಭಾರನಾ? ಅವ್ರೂ ಇದನ್ನೇ ಹೊರ್ತಾರಾ?"

"ಅವರದ್ದು ಹೊರೋಕೆ ಬೇರೆ ಜನ ಇದ್ದಾರೆ ಅತ್ತೆ."

"ಹ್ಞೂಂ" ಅಂದರು. ಕೋಲುಗಳಿಗೆ ಹಚ್ಚಿ ಉಳಿದ ಕುಂಕುಮ ನನ್ನ ಹಣೆಗೆ ಹಚ್ಚಿದರು.

ರೈಲಿನಲ್ಲಿ ಎದುರಿಗೆ ಕೂತವರು ಮೀನು ಹಿಡಿಯುವ ಗಾಳವಾ ಅಂದರು, ಇನ್ನೊಬ್ಬರು ಟೆಂಟು ಹೊಡೆಯುವ ಗೂಟವಾ ಅಂದರು. ಉತ್ತರ ಹೇಳಿ ಹೇಳಿ ಸಾಕಾಗಿ, ಹೌದು ಗಾಳವೇ ಅಂದುಬಿಟ್ಟೆ. ಮನೆ ಮುಟ್ಟಿ ಚೀಲ ಇಳಿಸಿದವಳು ಬಟ್ಟೆ ಕೂಡ ಬದಲಿಸದೆ ಮಲಗಿದೆ.

ಮುಂದಿನ ವಾರ ಎಂಡಿಗೆ ಹೇಳಿ ಭಾನುವಾರ ಮೈದಾನಕ್ಕೆ ಹೋದೆ. "ವೆಲ್‌ಕಂ ಮೇಡಂ!" ಅಂತ ಬಹಳ ಸಂತೋಷದಿಂದ ಕೈಮುಗಿದರು. ಆಮೇಲೆ ನನ್ನ ಚೀಲದ ಕಡೆ ನೋಡಿ ಹುಬ್ಬು ಗಂಟಿಕ್ಕಿದರು. "ಇದು ಜೆಂಟ್ಸ್ ಸೆಟ್ ಅಲ್ವಾ? ಅಯ್ಯಯ್ಯೋ, ಯಾರೋ ನಿಮಗೆ ಟೋಪಿ ಹಾಕಿದ್ದಾರೆ ಮೇಡಂ." ಉಳಿದಿಬ್ಬರೂ ನಕ್ಕರು. ಇಲ್ಲ ಸರ್, ನಾನೇ ನೋಡಿ ಆರಿಸಿದ್ದು ಅಂದೆ. ಅದು ಅವರ ಕಿವಿಗೆ ಬಿತ್ತೋ ಇಲ್ಲವೋ.

ಆಟ ಶುರುವಾಗುವಲ್ಲಿ ಗಂಡಸರು ಹೊಡೆಯುವ ಜಾಗ ಬೇರೆ, ಹೆಂಗಸರು ಹೊಡೆಯುವ ಜಾಗ ಬೇರೆ. ಹೆಂಗಸರದು ಎಷ್ಟೋ ಮುಂದೆ, ಕೆಂಪು ಗುರುತು ಹಾಕಿರುತ್ತಾರೆ. ಹೆಂಗಸರಿಗೆ ಸುಲಭವಾಗಲಿ ಅಂತ. "ನೀವು ಮುಂದೆ ಹೋಗಿ ಮರದ ಹತ್ತಿರ ನಿಂತಿರಿ ಮೇಡಂ, ಟೈಮ್ ಉಳಿಯುತ್ತೆ" ಅಂದರು. ಹೋಗಿ ನಿಂತೆ. ಹಿಂದೆ ಅವರು ಮೂವರೂ ಒಬ್ಬರಾದ ಮೇಲೆ ಒಬ್ಬರು ಹೊಡೆಯುವುದು, ನಡುವೆ ನಿಂತು ಮಾತಾಡುವುದು, ತಲೆಯಾಡಿಸುವುದು, ನಗುವುದು ಎಲ್ಲ ಕಾಣುತ್ತಿತ್ತು. ಒಂದು ಮಾತೂ ಕೇಳುತ್ತಿರಲಿಲ್ಲ. ಮತ್ತೆ ಮುಂದಿನ ಕುಳಿಗೆ ಬಂದರೆ ಅಲ್ಲೂ ಅದೇ, ನಾನು ಮುಂದೆ, ಅವರು ಹಿಂದೆ. ಗಂಡಸರ ಸೆಟ್ಟು ಹೆಗಲಿಗೆ ಹಾಕಿಕೊಂಡು ಮರದ ಕೆಳಗೆ ಒಬ್ಬಳೇ ನಿಂತು ನನಗೆ ಅಳುವೂ ಬಂತು, ನಗುವೂ ಬಂತು.

ನಾನೇನು ಬಿಡುವವಳಲ್ಲ. ಅದರ ಮುಂದಿನ ಭಾನುವಾರ, ನಾನೂ ಹಿಂದಿನಿಂದಲೇ ಹೊಡೆಯುತ್ತೇನೆ ಅಂದೆ. ಯಾರೂ ಬೇಡ ಅನ್ನಲಿಲ್ಲ. ನನ್ನ ಚೆಂಡು ಕೆಂಪು ಗುರುತಿನವರೆಗೂ ಹೋಗದೆ ಬಿದ್ದಾಗಲೂ, "ಗುಡ್ ಟ್ರೈ ಮೇಡಂ" ಅಂದರು. ಪಕ್ಕದಲ್ಲೇ ನಿಂತಿದ್ದೆ ಈಗ. ಮಾತು ಕಿವಿ ತುಂಬ ಕೇಳಿತು. ಮೊಣಕಾಲು ನೋವಿಗೆ ಯಾವ ಎಣ್ಣೆ ಒಳ್ಳೆಯದು. ಈ ಸಲ ಮಾವಿನಹಣ್ಣು ಯಾಕೆ ಹುಳಿ. ಭೀಮಿಲಿ ರಸ್ತೆಯಲ್ಲಿ ಮೀನು ಎಲ್ಲಿ ಚೆನ್ನಾಗಿರುತ್ತದೆ. ಕಾರ್ಖಾನೆಯ ಬಗ್ಗೆ ಒಂದಕ್ಷರ ಇಲ್ಲ. ಬಹುಶಃ ತಿಂಡಿಗೆ ಕೂತಾಗ ಮಾತಾಡುತ್ತಾರೆ ಅಂದುಕೊಂಡು ತಿಂಡಿಗೂ ಕೂತೆ. ಅಲ್ಲೂ ಎಣ್ಣೆ, ಮಾವಿನಹಣ್ಣು. ಹೀಗೇ ಮಳೆಗಾಲ ಮುಗಿಯಿತು. ವಾರವಿಡೀ ಕಾರ್ಖಾನೆ, ಭಾನುವಾರ ಈ ಬಿಸಿಲು. ಭುಜಕ್ಕೆ ಎರಡು ಸಲ ಇಂಜೆಕ್ಷನ್ ಹಾಕಿಸಿಕೊಂಡೆ. ದಣಿವು ಅನ್ನುವುದು ಮೈಗೆ ಹತ್ತಿಕೊಂಡುಬಿಟ್ಟಿತ್ತು, ಸ್ನಾನ ಮಾಡಿದರೂ ಹೋಗುತ್ತಿರಲಿಲ್ಲ. ಆದರೂ ಒಳಗೊಂದು ಆಸೆ. ನನ್ನೆದುರು ಬೇರೆ ಯಾರ ಹೆಸರೂ ಬರುತ್ತಿಲ್ಲ ಅಂದರೆ ನನ್ನ ಹೆಸರೇ ಗಟ್ಟಿಯಾಗಿದೆ ಅಂತ ಲೆಕ್ಕ ಹಾಕಿಕೊಂಡೆ. ದಸರಾ ಕಳೆದ ಮೇಲಿನ ಭಾನುವಾರ ಎಂಡಿ ನನ್ನ ಒಂದು ಹೊಡೆತ ನೋಡಿ ಚಪ್ಪಾಳೆ ತಟ್ಟಿದರು. ಆ ರಾತ್ರಿ ಎಷ್ಟೋ ದಿನದ ಮೇಲೆ ಚೆನ್ನಾಗಿ ನಿದ್ದೆ ಬಂತು.

ಸೋಮವಾರ ಮೀಟಿಂಗಿನಲ್ಲಿ ಹೆಸರು ಹೇಳಿದರು. ಹುಬ್ಬಳ್ಳಿ ಹುಡುಗನ ಹೆಸರು.

ಎಲ್ಲರೂ ಚಪ್ಪಾಳೆ ಹೊಡೆದರು, ನಾನೂ ಹೊಡೆದೆ. ಅವನು ತಲೆ ತಗ್ಗಿಸಿ ಕೂತಿದ್ದ. ಎಂಡಿ ಆಮೇಲೆ ನನ್ನನ್ನು ಒಳಗೆ ಕರೆದು ಕೂರಿಸಿ, ಕಾಫಿ ತರಿಸಿ, "ಕ್ವಾಲಿಟಿಗೆ ನಿಮ್ಮಂಥವರು ಸಿಗೋದಿಲ್ಲ ಮೇಡಂ. ನಿಮ್ಮನ್ನ ಅಲ್ಲಿಂದ ಕದಲಿಸೋ ಧೈರ್ಯ ನಮಗಿಲ್ಲ" ಅಂದರು. ಹೊಗಳಿಕೆಯೋ ಬೈಗುಳವೋ, ಕೇಳುತ್ತ ಕೂತೆ. ಕಾರಿಡಾರಿನಲ್ಲಿ ಹುಡುಗ ಹಿಂದೆಯೇ ಬಂದ. "ನನಗ ಶುಕ್ರವಾರ ಫೋನ್ ಬಂದಿತ್ರಿ ಮೇಡಂ. ಯಾರಿಗೂ ಹೇಳಬ್ಯಾಡ ಅಂದಿದ್ರು. ನಿಮಗ ಹೆಂಗ ಹೇಳ್ಲಿ ತಿಳೀ ಒಲ್ದಾಗಿತ್ತು" ಅಂದ. ಶುಕ್ರವಾರ. ಅಂದರೆ ಭಾನುವಾರ ಆ ಚಪ್ಪಾಳೆ ತಟ್ಟುವಾಗ ಮೂವರಿಗೂ ಗೊತ್ತಿತ್ತು. ಮೈ ಪರಚಿಕೊಳ್ಳುವ ಹಾಗಾಯಿತು. ಇನ್ನೂ ಒಂದಿತ್ತು. ಆ ಹುಡುಗ ಜನ್ಮದಲ್ಲಿ ಒಮ್ಮೆಯೂ ಗಾಲ್ಫ್ ಮೈದಾನಕ್ಕೆ ಕಾಲಿಟ್ಟವನಲ್ಲ. ಭಾನುವಾರಗಳಲ್ಲಿ ಅವನು ಮನೆಯಲ್ಲಿ ಮಲಗಿರುತ್ತಿದ್ದ. ಹುಲ್ಲೂ ಅಲ್ಲ, ಕೋಲೂ ಅಲ್ಲ. ತೀರ್ಮಾನ ಅನ್ನುವುದು ಅಲ್ಲಿರಲಿಲ್ಲ, ಎಲ್ಲೂ ಇರಲಿಲ್ಲ. ನಾನು ಹೋಗಿ ನಿಂತು ಕೇಳಿಸಿಕೊಳ್ಳಬಹುದಾದ ಜಾಗವೇ ಇರಲಿಲ್ಲ.

ಸಂಜೆ ಅತ್ತೆಗೆ ಫೋನ್ ಮಾಡಿದೆ. ಆ ಕಡೆಯಿಂದ ಸಣ್ಣಗೆ ಅಳುವ ಸದ್ದು. "ಮನಿಗೆ ತರದಿದ್ರೇನು, ದುಡ್ಡು ಶನಿವಾರನೇ ಕೊಟ್ವಲ್ಲಮ್ಮಾ. ನಾನು ತಡೀಬೇಕಾಗಿತ್ತು. ನನ್ನಿಂದಲೇ ಆಯ್ತು" ಅಂದರು. ನನಗೆ ಅಲ್ಲಿಯವರೆಗೂ ಬಾರದ ಸಿಟ್ಟು ಆಗ ಬಂತು, ಅತ್ತೆಯ ಮೇಲಲ್ಲ. ಎಂಬತ್ತು ವರ್ಷದ ಆ ಜೀವ ನಿಂಬೆಹಣ್ಣು ಹಿಂಡಿ ಹಿಂಡಿ ದೀಪ ಹಚ್ಚಿ, ಕೊನೆಗೆ ತಪ್ಪನ್ನೂ ತನ್ನ ತಲೆಗೇ ಹಾಕಿಕೊಳ್ಳಬೇಕಾ? "ಅತ್ತೆ, ಆ ಹುಡುಗ ಯಾವ ವಾರವೂ ಏನೂ ಕೊಂಡಿಲ್ಲ. ನಿಮ್ಮದೇನೂ ತಪ್ಪಿಲ್ಲ, ಕೇಳಿಸ್ತಾ?" ಅಂತ ಕೂಗಿದೆ. ಅವರು ನಂಬಲಿಲ್ಲ.

ಆ ವಾರದ ಕೊನೆಗೆ ಹುಡುಗ ನನ್ನ ಕ್ಯಾಬಿನ್ನಿಗೆ ಬಂದ. ಬಾಗಿಲಲ್ಲೇ ನಿಂತ. ಎಂದಿನ ಹಾಗೆ ಕುರ್ಚಿ ಎಳೆದುಕೊಂಡು ಕೂರಲಿಲ್ಲ.

"ಮೇಡಂ, ಒಂದ್ ಮಾತ ಕೇಳ್ಬೇಕಾಗಿತ್ರಿ. ಎಂಡಿ ಸರ್ ಐತ್ವಾರ ಆಡಾಕ ಬಾ ಅಂದಾರ. ನನಗ ಅದ್ರಾಗ ಏನೂ ತಿಳಿಯಂಗಿಲ್ಲ. ನಿಮ್ಮನ್ನ ಬಿಟ್ಟು ಇನ್ಯಾರನ್ನ ಕೇಳ್ಲಿ? ಮೊದಲನೇ ಸೆಟ್ ಎಂಥಾದ್ದು ತಗೋಬೇಕ್ರಿ?"

ಅವನಲ್ಲಿ ಕೊಂಕಿರಲಿಲ್ಲ. ಅದೇ ಕಷ್ಟ. ಆಡಿಟ್ ಕಲಿಯುವಾಗ ಕೇಳುತ್ತಿದ್ದ ದನಿಯಲ್ಲೇ ಕೇಳಿದ. ಉತ್ತರವೆಲ್ಲ ನನ್ನ ನಾಲಿಗೆಯ ತುದಿಯಲ್ಲಿತ್ತು. ಹೊಸದು ಬೇಡ, ಹಳೇದು ತಗೋ. ಪೂರ್ತಿ ಬೇಡ, ಅರ್ಧ ಸಾಕು. ಮಣಿಕಟ್ಟಿನಿಂದ ನೆಲಕ್ಕೆ ಅಳತೆ ತಗೋ. ತಲೆ ಅಗಲ ಇರುವಂಥದ್ದು ನೋಡು, ಹೊಡೆತ ತಪ್ಪಿದರೂ ಚೆಂಡು ಹೋಗುತ್ತದೆ. ಹಿಡಿಕೆ ಸವೆದಿದ್ದರೆ ಬದಲಿಸು. ಒಂದು ಗಂಟೆ ಕೂರಿಸಿ ಹೇಳಬಲ್ಲೆ, ಇಷ್ಟು ವರ್ಷ ಹೇಳಿಕೊಟ್ಟ ಹಾಗೆ.

"ನನಗೆ ಗೊತ್ತಿಲ್ಲ" ಅಂದೆ.

ಅವನು ಕದಲಲಿಲ್ಲ. ನನ್ನ ಬಾಯಲ್ಲಿ ಆ ಮಾತು ಅವನು ಎಂದೂ ಕೇಳಿರಲಿಲ್ಲ. "ನಿಮಗ ಗೊತ್ತಿಲ್ಲೇನ್ರಿ ಮೇಡಂ?" ಅಂದ, ನಗಲೋ ಬೇಡವೋ ತಿಳಿಯದವನ ಹಾಗೆ.

ಅವನು ಕಾರ್ಖಾನೆಗೆ ಬಂದ ಮೊದಲ ದಿನದಿಂದ ನಾನು ಅವನನ್ನು ಏನಪ್ಪಾ ಅಂದೇ ಕರೆದವಳು, ನೀನು ಅಂದೇ ಮಾತಾಡಿಸಿದವಳು. ಎದ್ದು ನಿಂತೆ.

"ಗೊತ್ತಿಲ್ಲ ಸರ್. ನೀವೇ ನೋಡಿಕೊಳ್ಳಿ."